ಹನ್ನೆರಡು ಎಕರೆ ಹುಲ್ಲು, ಒಂದು ಹಳೆಯ ಟ್ರ್ಯಾಕ್ಟರು



ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಹನ್ನೆರಡು ಎಕರೆಯ ಒಂದು ಬಯಲು. ಅದರ ತುಂಬ ಮಳೆಗಾಲದ ಹುಲ್ಲು. ಕೈಯಿಂದ ತಳ್ಳುವ, ಇಪ್ಪತ್ತು ಇಂಚು ಅಗಲ ಕತ್ತರಿಸುವ ಮೋವರೊಂದನ್ನು ನಿಮ್ಮ ಕೈಗೆ ಕೊಟ್ಟು "ಕತ್ತರಿಸಿ ಮುಗಿಸಿ" ಎಂದರೆ ನೀವು ಎಷ್ಟು ದೂರ ನಡೆಯಬೇಕಾಗುತ್ತದೆ? ಹನ್ನೆರಡು ಎಕರೆ ಎಂದರೆ ಸುಮಾರು 48,500 ಚದರ ಮೀಟರು. ಇಪ್ಪತ್ತು ಇಂಚು ಎಂದರೆ ಹೆಚ್ಚುಕಡಿಮೆ ಅರ್ಧ ಮೀಟರು. ಭಾಗಿಸಿ ನೋಡಿ: 97 ಕಿಲೋಮೀಟರು! ಪುಣೆಯಿಂದ ಹೊರಟು, ಲೋಣಾವಳಾ ಹಿಂದಿಟ್ಟು, ಘಟ್ಟ ಇಳಿದು ಖೋಪೋಲಿಯನ್ನೂ ದಾಟುವಷ್ಟು ದೂರ. ಅದೂ ಯಂತ್ರವನ್ನು ತಳ್ಳುತ್ತ. ನೀವು ಮುಗಿಸುವ ಹೊತ್ತಿಗೆ ಮೊದಲು ಕತ್ತರಿಸಿದ ಕಡೆ ಹುಲ್ಲು ಮತ್ತೆ ಎದ್ದು ನಿಂತಿರುತ್ತದೆ.

ಅದೇ ಬಯಲನ್ನು ಐದು ಅಡಿ ಅಗಲದ ಮೋವರು ಕಟ್ಟಿದ ಟ್ರ್ಯಾಕ್ಟರು 32 ಕಿಲೋಮೀಟರು ಓಡಿ ಮುಗಿಸುತ್ತದೆ. ಗಂಟೆಗೆ ಐದು ಕಿಲೋಮೀಟರಿನಂತೆ, ತಿರುವುಗಳಲ್ಲಿ ಕಳೆಯುವ ಸಮಯವನ್ನೂ ಸೇರಿಸಿದರೆ ಒಂದು ದಿನದ ಕೆಲಸ. ಟ್ರ್ಯಾಕ್ಟರು ಹೊಸದಾಗಿರಬೇಕಾದ ಅಗತ್ಯವೇನೂ ಇಲ್ಲ. ಅರವತ್ತು ವರ್ಷದ ಹಿಂದಿನದಾದರೂ ಸರಿಯೆ. ಆದರೆ ಅದರ ಗುಣ ಬಲ್ಲವರು ಒಬ್ಬರಾದರೂ ಇರಬೇಕು. ಆ ಗುಣವನ್ನು ನಾನು ತಿಳಿದದ್ದು ಹೇಗೆ, ತಿಳಿಯದೆ ಹೋದಾಗ ಏನಾಯಿತು ಎಂಬುದನ್ನು ನಿಮಗೆ ಹೇಳಬೇಕೆಂದು ಈ ಬರಹ.

ಪುಣೆಯ ಹೊರವಲಯದಲ್ಲಿ ಒಂದು ವಿದ್ಯಾಸಂಸ್ಥೆ. ಅದರ ಹಿಂದೆ ಹನ್ನೆರಡು ಎಕರೆ ಮೈದಾನ. ಕಾರ್ಖಾನೆಯ ನೌಕರಿಯಿಂದ ನಿವೃತ್ತನಾದ ಮೇಲೆ 2018ರಲ್ಲಿ ಆ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ನಾನು ಒಪ್ಪಿಕೊಂಡೆ. ಸಂಬಳವಿಲ್ಲ, ಚಹಾ ಮಾತ್ರ. ಹುಲ್ಲು ಕತ್ತರಿಸುವ ಗುತ್ತಿಗೆಯ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅರ್ಧ ಮೈದಾನಕ್ಕೆ ಸಿಮೆಂಟ್ ಬ್ಲಾಕು ಹಾಸಿ, ಮದುವೆ ಸಮಾರಂಭಗಳ ಕಾರು ನಿಲ್ಲಿಸಲು ಬಾಡಿಗೆಗೆ ಕೊಡೋಣ ಎಂಬ ಮಾತು ಎದ್ದಿತ್ತು. ಒಮ್ಮೆ ಬ್ಲಾಕು ಹಾಸಿದ ನೆಲ ಮತ್ತೆ ಮಕ್ಕಳಿಗೆ ಸಿಕ್ಕುವುದಿಲ್ಲ. ಅದು ನಿಮಗೂ ಗೊತ್ತು. ನೀವು ಕ್ರಿಕೆಟ್ ಆಡುತ್ತಿದ್ದ ಎಷ್ಟು ಜಾಗಗಳಲ್ಲಿ ಈಗ ಕಟ್ಟಡ ಎದ್ದಿದೆ ಎಂದು ಎಣಿಸಿ ನೋಡಿ. ಒಂದು ಮಳೆಗಾಲದ ಗಡುವು ಕೇಳಿ ಪಡೆದೆ.

ಶೆಡ್ಡಿನಲ್ಲಿ ಏನಿತ್ತೆಂದರೆ, 1960ರ ದಶಕದ ಒಂದು ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರು, ಐದು ಅಡಿಯ ಒಂದು ಮುರಿದ ರೋಟರಿ ಮೋವರು, ಯಾವುದೋ ಹರಾಜಿನಲ್ಲಿ ಬಂದ ಮೂರು ತುಕ್ಕು ಹಿಡಿದ ಸಿಲಿಂಡರ್ ಮೋವರುಗಳು. ಹನ್ನೆರಡು ವರ್ಷದಿಂದ ಅವನ್ನು ಯಾರೂ ಮುಟ್ಟಿರಲಿಲ್ಲ.

ಕುಡುಗೋಲಿನಿಂದ ಮೋವರಿಗೆ

ನಿಮ್ಮಲ್ಲಿ ಹಲವರು ಕುಡುಗೋಲನ್ನು ಕೈಯಲ್ಲಿ ಹಿಡಿದಿರಲಾರಿರಿ. ನಮ್ಮ ಕಡೆಯ ರೈತರು ಕುಳಿತು, ಎಡಗೈಯಲ್ಲಿ ಹಿಡಿ ಹುಲ್ಲು ಹಿಡಿದು, ಬಲಗೈಯ ಕುಡುಗೋಲಿನಿಂದ ಕೊಯ್ಯುತ್ತಾರೆ. ಇಂಗ್ಲೆಂಡಿನಲ್ಲಿ ನಿಂತು ಬೀಸುವ ಉದ್ದ ಹಿಡಿಯ ಕತ್ತಿಯಿತ್ತು. ಬೆಳಗಿನ ಇಬ್ಬನಿಯಲ್ಲಿ ಹುಲ್ಲು ಮೆತ್ತಗಿದ್ದಾಗ ಕೊಯ್ದರೆ ಅದು ಚೆನ್ನಾಗಿ ಕತ್ತರಿಸುತ್ತಿತ್ತು.

ಇದಕ್ಕೆ ಯಂತ್ರ ಬಂದದ್ದು ಹೊಲದಿಂದಲ್ಲ, ಬಟ್ಟೆ ಗಿರಣಿಯಿಂದ ಎಂದರೆ ಆಶ್ಚರ್ಯವಾದೀತು. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಪ್ರಾಂತದ ಸ್ಟ್ರೌಡ್ ಬಳಿ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿ ಸುರುಳಿ ಅಲಗುಗಳಿದ್ದ ಉರುಳೆಯನ್ನು ಬಳಸುತ್ತಿದ್ದರು. ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರ ಕುಶಲಿಗೆ ಇದೇ ಉರುಳೆ ಹುಲ್ಲನ್ನೂ ಕತ್ತರಿಸಬಲ್ಲದು ಎಂದು ಹೊಳೆಯಿತು. 1830ರಲ್ಲಿ ಆತ ಪೇಟೆಂಟ್ ಪಡೆದ. 1832ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪೆನಿ ಅದನ್ನು ತಯಾರಿಸತೊಡಗಿತು. ಮುಂದೆ ದೊಡ್ಡ ಮೋವರುಗಳನ್ನು ಕುದುರೆಗಳು ಎಳೆದವು. ಗೊರಸಿನ ಗುರುತು ನೆಲಕ್ಕೆ ಬೀಳದಂತೆ ಅವುಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಹಲವು ಉರುಳೆಗಳನ್ನು ಅಕ್ಕಪಕ್ಕ ಜೋಡಿಸಿ ಒಟ್ಟಿಗೆ ಎಳೆಯುವ ಗ್ಯಾಂಗ್ ಮೋವರು 20ನೇ ಶತಮಾನದ ಆರಂಭದಲ್ಲಿ ಬಂತು. ನಮ್ಮ ಶೆಡ್ಡಿನ ಮೂರು ಸಿಲಿಂಡರುಗಳು ಇದೇ ವಂಶದವು.

ರೋಟರಿಯದು ಬೇರೆ ಜಾತಿ. ಅದರಲ್ಲಿ ಕತ್ತರಿಯಂಥ ಜೋಡಿಯಿಲ್ಲ. ತಗಡಿನ ಹೊದಿಕೆಯ ಕೆಳಗೆ ಅಲಗು ಗರಗರನೆ ತಿರುಗಿ ಹುಲ್ಲನ್ನು ಹೊಡೆದು ಉರುಳಿಸುತ್ತದೆ. ಸಿಲಿಂಡರು ಮೈದಾನವನ್ನು ಅಂದವಾಗಿ ಕತ್ತರಿಸುತ್ತದೆ, ಆದರೆ ಎತ್ತರದ ಹುಲ್ಲಿಗೆ ಸೋಲುತ್ತದೆ. ರೋಟರಿಗೆ ಅಂದ ಕಡಿಮೆ, ಬಲ ಹೆಚ್ಚು.

ಫರ್ಗುಸನ್ನನ ಮೂರು ತೋಳು

ಈಗ ಟ್ರ್ಯಾಕ್ಟರಿನ ಕಥೆ. ಹ್ಯಾರಿ ಫರ್ಗುಸನ್ 1884ರಲ್ಲಿ ಐರ್ಲೆಂಡಿನ ಉತ್ತರ ಭಾಗದ ರೈತ ಕುಟುಂಬದಲ್ಲಿ ಹುಟ್ಟಿದವನು. 1909ರ ಡಿಸೆಂಬರ್ 31ರಂದು ತಾನೇ ಕಟ್ಟಿದ ವಿಮಾನವನ್ನು ಹಾರಿಸಿದ. ಅನಂತರ ಅವನ ಗಮನ ನೇಗಿಲಿನ ಮೇಲೆ ಬಿತ್ತು.

ಆ ಕಾಲದ ಟ್ರ್ಯಾಕ್ಟರುಗಳು ಎತ್ತುಗಳ ಜಾಗದಲ್ಲಿ ನಿಂತು ನೇಗಿಲನ್ನು ಎಳೆಯುತ್ತಿದ್ದವು, ಅಷ್ಟೆ. ನೇಗಿಲು ಬಂಡೆಗೆ ಸಿಕ್ಕಿದಾಗ ಎತ್ತುಗಳು ನಿಲ್ಲುತ್ತವೆ. ಎಂಜಿನ್‌ಗೆ ಆ ಬುದ್ಧಿಯಿಲ್ಲ. ಹಿಂದಿನ ಗಾಲಿ ನಿಂತು, ಮೂತಿ ಮೇಲೆದ್ದು, ಟ್ರ್ಯಾಕ್ಟರು ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಸತ್ತವರು ಅನೇಕರು. ಫರ್ಗುಸನ್ ಇದಕ್ಕೆ ಮೂರು ತೋಳುಗಳ ಪರಿಹಾರ ಕಂಡುಕೊಂಡ. ಕೆಳಗಿನ ಎರಡು ತೋಳು ಎಳೆಯುತ್ತವೆ, ಮೇಲಿನ ಮೂರನೆಯದು ನೇಗಿಲು ಸಿಕ್ಕಿಬಿದ್ದಾಗ ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಮೂತಿಯನ್ನು ನೆಲಕ್ಕೇ ಇಡುತ್ತದೆ. ತೋಳುಗಳನ್ನು ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸಬಹುದು. ಇಂದು ನೀವು ಊರಿಗೆ ಹೋದಾಗ ಯಾವ ಕಂಪೆನಿಯ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೂ ಈ ಮೂರು ತೋಳು ಕಾಣುತ್ತದೆ.

1938ರಲ್ಲಿ ಫರ್ಗುಸನ್ ಹೆನ್ರಿ ಫೋರ್ಡ್‌ನೊಡನೆ ಬರೀ ಕೈಕುಲುಕಿ ಒಪ್ಪಂದ ಮಾಡಿಕೊಂಡ. ಕಾಗದವಿಲ್ಲದ ಆ ಒಪ್ಪಂದ ಮುಂದೆ ಮುರಿದು, ನ್ಯಾಯಾಲಯಕ್ಕೆ ಹೋಗಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 'ಟಿಇ 20' ಎಂಬ ಪುಟ್ಟ ಬೂದು ಟ್ರ್ಯಾಕ್ಟರು ತಯಾರಾಗತೊಡಗಿತ್ತು. 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ತೇನಸಿಂಗನೊಡನೆ ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ್ದು ಇದೇ ಟ್ರ್ಯಾಕ್ಟರುಗಳನ್ನು ಹಿಮಕ್ಕೆ ಹೊಂದಿಸಿಕೊಂಡು. ಇದರ ತಮ್ಮನೇ 'ಮ್ಯಾಸಿ ಫರ್ಗುಸನ್ 35'. 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಟಾಫೆ ಕಂಪೆನಿ ಈ ವಂಶವನ್ನು ಭಾರತದಲ್ಲಿ ಬೆಳೆಸಿತು. ಚೆನ್ನೈಯ ಓದುಗರೇ, ಅದು ನಿಮ್ಮ ಊರಿನ ಹೆಮ್ಮೆ. ನಮ್ಮ ದೊಡ್ಡಬಳ್ಳಾಪುರದಲ್ಲೂ ಟಾಫೆಯ ಕಾರ್ಖಾನೆ ಇದೆ.

ಮಲಗಿದ್ದನ್ನು ಎಬ್ಬಿಸಿದ್ದು

ನನಗೆ ಕಾರ್ಖಾನೆಯ ಲೇತು ಗೊತ್ತು, ಟ್ರ್ಯಾಕ್ಟರು ಗೊತ್ತಿರಲಿಲ್ಲ. ಪುಣೆಯ ಜುನಾ ಬಜಾರಿಗೆ ಹೋದೆ. ಬುಧವಾರ ಮತ್ತು ಭಾನುವಾರ ಸೇರುವ ಹಳೆ ಸಾಮಾನಿನ ಸಂತೆ ಅದು. ಬೇರಿಂಗ್ ಹುಡುಕುತ್ತ ಮೊಬೈಲಿನಲ್ಲಿ ಮನೆಯವರೊಡನೆ ಮಾತಾಡುತ್ತಿದ್ದಾಗ ಪಕ್ಕದ ವೃದ್ಧರೊಬ್ಬರು ಕನ್ನಡ ಕೇಳಿ ತಿರುಗಿ ನೋಡಿದರು. ನಿಪ್ಪಾಣಿ ಕಡೆಯವರು, ನಲವತ್ತು ವರ್ಷದಿಂದ ಇಲ್ಲಿ ವೆಲ್ಡಿಂಗ್ ಮಿಸ್ತ್ರಿ.

"ಎಷ್ಟು ವರ್ಷ ನಿಂತೈತ್ರಿ ಗಾಡಿ?" ಎಂದರು.

"ಹನ್ನೆರಡು ವರ್ಷ."

"ಹಂಗಾದ್ರ ಅವಸರ ಮಾಡಬ್ಯಾಡ್ರಿ. ಹನ್ನೆರಡು ವರ್ಷ ಮಲಗಿದ್ದನ್ನ ಹನ್ನೆರಡು ನಿಮಿಷದಾಗ ಎಬ್ಬಸಾಕ ಹೋಗಬಾರದು."

ಮರುವಾರವೇ ಬಂದು ನೋಡಿದರು. ನಮ್ಮ ಸಂಘದ ಇಬ್ಬರು ಸದಸ್ಯರ ಮಕ್ಕಳೂ ಕೈಜೋಡಿಸಿದರು. ಒಬ್ಬಳು ಎಂಜಿನಿಯರಿಂಗ್ ಓದುವ ಹುಡುಗಿ, ಇನ್ನೊಬ್ಬ ಕಾಮರ್ಸ್ ಹುಡುಗ. ಇಬ್ಬರೂ ಇಲ್ಲೇ ಹುಟ್ಟಿ ಬೆಳೆದವರು. ಮಿಸ್ತ್ರಿಯವರ ಕನ್ನಡ ಮೊದಮೊದಲು ಅವರಿಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧವನ್ನು ಅವರ ಕೈಗಳನ್ನು ನೋಡಿ ತಿಳಿದುಕೊಳ್ಳುತ್ತಿದ್ದರು.

ಬಹುಕಾಲ ನಿಂತ ಡೀಸೆಲ್ ಎಂಜಿನನ್ನು ಒಮ್ಮೆಗೇ ಬ್ಯಾಟರಿ ಕೊಟ್ಟು ತಿರುಗಿಸಬಾರದು. ಸಿಲಿಂಡರಿನೊಳಗೆ ತುಕ್ಕು ಹಿಡಿದಿದ್ದರೆ ರಿಂಗುಗಳು ಮುರಿಯುತ್ತವೆ. ಇಂಜೆಕ್ಟರುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಎರಡು ದಿನ ಕಾದು, ಕೈಯಿಂದ ಮೆಲ್ಲಗೆ ತಿರುಗಿಸಿದೆವು. ಹೊಗೆ ಕೊಳವೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ವೈರುಗಳನ್ನು ಇಲಿ ತಿಂದಿತ್ತು. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು, ಕೆಸರು. ಎಲ್ಲ ತೊಳೆದು, ಫಿಲ್ಟರು ಬದಲಿಸಿ, ಎಂಜಿನ್ ಎಣ್ಣೆ ಹೊಸದು ಹಾಕಿದೆವು.

ಆದರೂ ಚಾಲೂ ಆಗಲಿಲ್ಲ. ಕಾರಣ ಗಾಳಿ. ಡೀಸೆಲ್ ಎಂಜಿನಿಗೆ ಪೆಟ್ರೋಲು ಎಂಜಿನಿನಂತೆ ಕಿಡಿ ಕೊಡುವ ಪ್ಲಗ್ ಇಲ್ಲ. ಒತ್ತಿ ಕಾಯಿಸಿದ ಗಾಳಿಗೆ ಡೀಸೆಲ್ ಚಿಮ್ಮಿದಾಗ ತಾನೇ ಹೊತ್ತಿಕೊಳ್ಳುತ್ತದೆ. ಕೊಳವೆಯಲ್ಲಿ ಗುಳ್ಳೆಯಿದ್ದರೆ ಪಂಪು ಆ ಗುಳ್ಳೆಯನ್ನು ಹಿಸುಕುತ್ತ ಕೂರುತ್ತದೆ, ಡೀಸೆಲ್ ಚಿಮ್ಮುವುದಿಲ್ಲ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕಾಯಬೇಕು. ಆಮೇಲೆ ಇಂಜೆಕ್ಷನ್ ಪಂಪಿನಲ್ಲಿ, ಕೊನೆಗೆ ಇಂಜೆಕ್ಟರಿನ ಬಳಿ ಇದೇ ಕ್ರಮ. ಹುಡುಗಿ ಇದನ್ನು ಮೂರು ಸಲ ಮಾಡಿದಳು. ನಾಲ್ಕನೆಯ ಸಲ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಹಿಡಿದುಕೊಂಡಿತು. ಹೊಸ ನಾಜಲ್‌ಗಳ ಹಳೆಯ ಡಬ್ಬಿಯ ಮೇಲೆ ಮೈಕೋ ಎಂದಿತ್ತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಂಪೆನಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಊರಿನ ಸಾಮಾನು ಪುಣೆಯಲ್ಲಿ ಕೈಗೆ ಬಂದಾಗ ಆಗುವ ಸಂತೋಷ ಬೇರೆಯೇ.

ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಪೆಡಲನ್ನು ಒತ್ತಿ, ಮರದ ತುಂಡು ಕೊಟ್ಟು ನಾಲ್ಕು ದಿನ ಹಾಗೇ ಬಿಟ್ಟ ಮೇಲೆ ಬಿಡಿಸಿಕೊಂಡಿತು. ಈ ಕ್ಲಚ್ಚಿನ ಮಾತನ್ನು ನೆನಪಿಡಿ. ಮುಂದೆ ಬರುತ್ತದೆ.

ಮುರಿದ ಮೋವರುಗಳು

ರೋಟರಿಯ ಗೇರ್‌ಬಾಕ್ಸು ಬಿರುಕು ಬಿಟ್ಟಿತ್ತು. ಮಿಸ್ತ್ರಿಯವರು ಅದರ ಶಾಫ್ಟಿನಿಂದ ಒಂದು ಬೋಲ್ಟನ್ನು ಬಿಚ್ಚಿ ಹುಡುಗನ ಕೈಗಿಟ್ಟರು. "ಇದು ನೋಡು, ಸಾಯಾಕಂತನ ಇಟ್ಟ ಬೋಲ್ಟು," ಎಂದರು. ಶಾಫ್ಟಿನಲ್ಲಿ ಮೆತ್ತಗಿನ ಕಬ್ಬಿಣದ ಬೋಲ್ಟೊಂದಿರುತ್ತದೆ. ಅಲಗು ಕಲ್ಲಿಗೋ ಬೊಡ್ಡೆಗೋ ಬಡಿದರೆ ಅದು ತುಂಡಾಗಿ, ಬೆಲೆಬಾಳುವ ಗೇರನ್ನು ಉಳಿಸುತ್ತದೆ. ಹಿಂದೆ ಯಾರೋ ಪದೇ ಪದೇ ತುಂಡಾಗುತ್ತದೆಂದು ಬೇಸರಪಟ್ಟು ಗಟ್ಟಿ ಉಕ್ಕಿನ ಬೋಲ್ಟು ಹಾಕಿದ್ದರು. ಬೋಲ್ಟು ಉಳಿಯಿತು, ಗೇರ್‌ಬಾಕ್ಸು ಸೀಳಿತು. ಒಂದು ಭಾಗ ಪದೇ ಪದೇ ಮುರಿಯುತ್ತಿದ್ದರೆ ಅದನ್ನು ಗಟ್ಟಿ ಮಾಡುವ ಮೊದಲು, ಅದು ಯಾಕೆ ಮುರಿಯುತ್ತಿದೆ ಎಂದು ಕೇಳಿ.

ಹಳೆಯ ಗೇರ್‌ಬಾಕ್ಸು ಸಂತೆಯಲ್ಲಿ ಸಿಕ್ಕಿತು. ತಗಡಿನ ಹೊದಿಕೆಗೆ ಪಟ್ಟಿ ಕೊಟ್ಟು ವೆಲ್ಡಿಂಗ್ ಮಾಡಿದೆವು. ಎರಡು ಅಲಗುಗಳನ್ನು ಸಾಣೆ ಹಿಡಿದು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. ಅಂಗಡಿಯವರು ನಕ್ಕರು. ಆದರೆ ತೂಕದಲ್ಲಿ ವ್ಯತ್ಯಾಸವಿದ್ದರೆ ಯಂತ್ರ ನಡುಗಿ, ಬೇರಿಂಗು ಹಾಳಾಗಿ, ವೆಲ್ಡಿಂಗ್ ಮತ್ತೆ ಬಿಡುತ್ತದೆ. ಮೊಂಡು ಅಲಗು ಹುಲ್ಲನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮರುದಿನ ಗರಿಯ ತುದಿಗಳೆಲ್ಲ ಒಣಗಿ ಮೈದಾನ ಕಂದಾಗಿ ಕಾಣುತ್ತದೆ.

ಸಿಲಿಂಡರುಗಳ ಕೆಲಸ ನಾಜೂಕಿನದು. ತಿರುಗುವ ಉರುಳೆಯ ಅಲಗು ಕೆಳಗಿನ ನಿಂತ ಅಲಗನ್ನು ಉದ್ದಕ್ಕೂ ಸವರಿಕೊಂಡು ಹೋಗಬೇಕು. ಉರುಳೆಗೆ ರುಬ್ಬುವ ಪೇಸ್ಟು ಹಚ್ಚಿ ಹಿಮ್ಮುಖವಾಗಿ ತಿರುಗಿಸಿದರೆ ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಪರೀಕ್ಷೆಗೆ ಬೇಕಾದದ್ದು ಹಳೆಯ ಪತ್ರಿಕೆಯ ಒಂದು ಚೂರು. ಅಲಗಿನ ಉದ್ದಕ್ಕೂ ಎಲ್ಲಿಟ್ಟರೂ ಕಾಗದ ಕತ್ತರಿಯಿಂದ ಕತ್ತರಿಸಿದಂತೆ ತುಂಡಾಗಬೇಕು. ಮಡಚಿಕೊಂಡರೆ ಕೆಲಸ ಬಾಕಿ ಇದೆ ಎಂದರ್ಥ. ಬೆರಳಿಟ್ಟು ಪರೀಕ್ಷಿಸಬಾರದೆಂದು ಬೇರೆ ಹೇಳಬೇಕಿಲ್ಲ.

ನಿಲ್ಲದ ಟ್ರ್ಯಾಕ್ಟರು

ಆಗಸ್ಟಿನ ಒಂದು ಬೆಳಿಗ್ಗೆ ಎಲ್ಲ ಸಿದ್ಧವಾಯಿತು. ಮಿಸ್ತ್ರಿಯವರು ಊರಿಗೆ ಹೋಗಿದ್ದರು. ಬರುವವರೆಗೆ ಕಾಯಬೇಕಿತ್ತು. ನಾನು ಕಾಯಲಿಲ್ಲ.

ಹುಲ್ಲು ಸೊಂಟದೆತ್ತರ. ಟ್ರ್ಯಾಕ್ಟರು ಮೊದಲ ಸಾಲು ಕತ್ತರಿಸಿದಾಗ ನನ್ನ ಹಿಗ್ಗು ಹೇಳತೀರದು. ಕೊನೆಯಲ್ಲಿ ಕ್ರಿಕೆಟ್ ನೆಟ್ಟಿನ ಬಳಿ ಬಂದು ಕ್ಲಚ್ ಒತ್ತಿದೆ. ಟ್ರ್ಯಾಕ್ಟರು ನಿಲ್ಲಲಿಲ್ಲ. ಕ್ಲಚ್ ಪೂರ್ತಿ ಒತ್ತಿದ್ದರೂ ಹಿಂದಿನಿಂದ ಯಾರೋ ತಳ್ಳುತ್ತಿರುವಂತೆ ಮುಂದೆ ಸಾಗಿತು. ಬ್ರೇಕಿನ ಮೇಲೆ ನಿಂತೇಬಿಟ್ಟೆ. ಹತ್ತು ಹನ್ನೆರಡು ಅಡಿ ನುಗ್ಗಿ, ನೆಟ್ಟಿನ ಕಂಬ ಬಗ್ಗಿಸಿ ನಿಂತಿತು. ಐದು ನಿಮಿಷ ಮೊದಲು ಆ ನೆಟ್ಟಿನಲ್ಲಿ ಆರು ಮಕ್ಕಳಿದ್ದರು. ಗಂಟೆ ಬಾರಿಸಿದ್ದರಿಂದ ತರಗತಿಗೆ ಹೋಗಿದ್ದರು. ನನ್ನ ಕೈಕಾಲು ಎಷ್ಟೋ ಹೊತ್ತು ನಡುಗುತ್ತಿದ್ದವು.

ಕಾರಣವನ್ನು ಕಂಡುಹಿಡಿದವಳು ಆ ಹುಡುಗಿ. "ಕಾಕಾ, ನಿಮ್ಮ ಕ್ಲಚ್ ಎಂಜಿನನ್ನ ಮಾತ್ರ ಬಿಡಿಸ್ತು. ಮೋವರನ್ನ ಬಿಡಿಸಲಿಲ್ಲ," ಎಂದಳು.

ಮೋವರಿಗೆ ಶಕ್ತಿ ಕೊಡುವುದು ಟ್ರ್ಯಾಕ್ಟರಿನ ಹಿಂಬದಿಯಲ್ಲಿ ತಿರುಗುವ ಶಾಫ್ಟು, ಅದಕ್ಕೆ ಪಿ.ಟಿ.ಓ. ಎನ್ನುತ್ತಾರೆ. ಒಂದೇ ಕ್ಲಚ್ಚಿನ ಹಳೆಯ ಟ್ರ್ಯಾಕ್ಟರುಗಳಲ್ಲಿ ಈ ಶಾಫ್ಟು ಗೇರ್‌ಬಾಕ್ಸಿಗೆ ನೇರವಾಗಿ ಜೋಡಣೆಯಾಗಿರುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ದೂರವಾಗುತ್ತದೆ ನಿಜ. ಆದರೆ ರಭಸದಿಂದ ತಿರುಗುತ್ತಿರುವ ಭಾರದ ಅಲಗುಗಳು ತಕ್ಷಣ ನಿಲ್ಲುವುದಿಲ್ಲ. ಅವು ಹಿಮ್ಮುಖವಾಗಿ ಶಾಫ್ಟನ್ನು, ಶಾಫ್ಟು ಗೇರನ್ನು, ಗೇರು ಗಾಲಿಯನ್ನು ತಿರುಗಿಸುತ್ತವೆ. ಮೋವರೇ ಟ್ರ್ಯಾಕ್ಟರನ್ನು ಓಡಿಸುತ್ತದೆ!

ಪರಿಹಾರ ನಿಮ್ಮ ಸೈಕಲ್ಲಿನಲ್ಲೇ ಇದೆ. ಪೆಡಲು ನಿಲ್ಲಿಸಿದರೂ ಸೈಕಲ್ಲಿನ ಗಾಲಿ ತಿರುಗುತ್ತಲೇ ಇರುತ್ತದಲ್ಲವೆ? ಆ ಫ್ರೀವೀಲಿನಂಥದೇ ಒಂದು ಜೋಡಣೆಯನ್ನು ಶಾಫ್ಟಿಗೆ ಹಾಕಿದರೆ ಟ್ರ್ಯಾಕ್ಟರು ಮೋವರನ್ನು ತಿರುಗಿಸಬಲ್ಲದು, ಮೋವರು ಟ್ರ್ಯಾಕ್ಟರನ್ನು ತಿರುಗಿಸಲಾರದು. ನಮ್ಮ ಶಾಫ್ಟು ಒಂದಿಂಚು ಮೂರು ಸೂತು. ಸೂತು ಎಂದರೆ ಇಂಚಿನ ಎಂಟನೆಯ ಒಂದು ಪಾಲು. ಆ ಅಳತೆಯ ಜೋಡಣೆ ತಂದು ಹಾಕಿದ ಮೇಲೆಯೇ ಟ್ರ್ಯಾಕ್ಟರು ಮತ್ತೆ ಶೆಡ್ಡಿನಿಂದ ಹೊರಬಂದದ್ದು. ಊರಿನಿಂದ ಬಂದ ಮಿಸ್ತ್ರಿಯವರು ಬಗ್ಗಿದ ಕಂಬವನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಇದೇ ವಂಶದ ಇನ್ನೊಂದು ಗುಣ ಹೇಳಿಬಿಡುತ್ತೇನೆ. ತೋಳುಗಳನ್ನು ಎತ್ತುವ ಎಣ್ಣೆ ಪಂಪು ತಿರುಗುವುದೂ ಪಿ.ಟಿ.ಓ. ಶಾಫ್ಟಿನಿಂದಲೇ.  ಮೋವರು ಮೇಲೇಳುವಾಗ ಅಲಗೂ ತಿರುಗುತ್ತಿರಬಹುದು. ಆದ್ದರಿಂದ ಎತ್ತಿದ ಮೋವರಿನ ಬಳಿ ಯಾರೂ ಸುಳಿಯಕೂಡದು. ಅಲಗು ನೋಡಬೇಕಿದ್ದರೆ ಎಂಜಿನ್ ನಿಲ್ಲಿಸಿ, ಕೆಳಗೆ ಗಟ್ಟಿ ಮರದ ತುಂಡು ಕೊಟ್ಟು ನೋಡಬೇಕು.

ಇನ್ನೆರಡು ಲೆಕ್ಕ ಕೇಳಿ. ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಹೊದಿಕೆಯಿಲ್ಲದ ಶಾಫ್ಟಿಗೆ ಬಟ್ಟೆಯ ಅಂಚು ಸಿಕ್ಕಿದರೆ ನಾಲ್ಕು ಮೊಳದ ಪಂಚೆ ಒಂದೇ ಸೆಕೆಂಡಿನಲ್ಲಿ ಸುತ್ತಿಕೊಳ್ಳುತ್ತದೆ. ಕಿರುಚಲೂ ಸಮಯವಿರುವುದಿಲ್ಲ. ಐದು ಅಡಿಯ ರೋಟರಿಯ ಅಲಗು ನಿಮಿಷಕ್ಕೆ 800 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 225 ಕಿಲೋಮೀಟರು. ಅದಕ್ಕೆ ತಗುಲಿದ ಕಲ್ಲು ಎಲ್ಲಿಗೆ ಹಾರೀತು, ಯೋಚಿಸಿ. ಅದಕ್ಕೇ ಪ್ರತಿ ಸಲ ಮೊದಲು ಮೈದಾನವನ್ನು ನಡೆದು ಕಲ್ಲು, ತಂತಿ, ಬಾಟಲಿ ಆರಿಸಬೇಕು. ಊರಿನಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನೀವು ನೋಡಿದ್ದೀರಿ, ಬಹುಶಃ ಕುಳಿತೂ ಇದ್ದೀರಿ. ದಯವಿಟ್ಟು ಇನ್ನು ಕೂರಬೇಡಿ, ಕೂರಿಸಬೇಡಿ.

ಹುಲ್ಲಿನ ಗುಣ

ಯಂತ್ರದಷ್ಟೇ ಹುಲ್ಲನ್ನೂ ತಿಳಿಯಬೇಕು. ಗಿಡದ ತುದಿ ಕತ್ತರಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಹುಲ್ಲಿನ ಬೆಳೆಯುವ ಭಾಗವಿರುವುದು ಬುಡದಲ್ಲಿ. ಅದಕ್ಕೇ ದನ ಮೇದರೂ, ಮೋವರು ಹಾಯ್ದರೂ ಮತ್ತೆ ಚಿಗುರುತ್ತದೆ. ಗಣಪತಿಗೆ ಏರಿಸುವ ಗರಿಕೆ ಇದರಲ್ಲಿ ಮೊದಲನೆಯದು. ನೆಲಕ್ಕಂಟಿ ಹಬ್ಬುವುದರಿಂದ ಮೇಲಿಂದ ಮೇಲೆ ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಎತ್ತರಕ್ಕೆ ಬೆಳೆಯುವ ಕಳೆಗಳು ಸೊರಗುತ್ತವೆ. ಆದರೆ ಒಂದೇ ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ನಮ್ಮ ಸೊಂಟದೆತ್ತರದ ಹುಲ್ಲನ್ನು ಹತ್ತು ದಿನಕ್ಕೊಮ್ಮೆ ಇಳಿಸುತ್ತ ಬಂದೆವು. ಅಕ್ಟೋಬರಿನ ಹೊತ್ತಿಗೆ ಸಿಲಿಂಡರುಗಳು ಓಡುವಂತಾಯಿತು. ಮೂರನ್ನೂ ಕಟ್ಟಿದರೆ ಏಳಡಿ ಅಗಲ, ಇಡೀ ಮೈದಾನಕ್ಕೆ 23 ಕಿಲೋಮೀಟರು. ಅವು ತಮ್ಮ ಗಾಲಿಗಳಿಂದಲೇ ತಿರುಗುವುದರಿಂದ ಟ್ರ್ಯಾಕ್ಟರು ನಿಂತರೆ ಅವೂ ನಿಲ್ಲುತ್ತವೆ.

ಪಾರ್ಥೇನಿಯಂ ನಿಮಗೆ ಗೊತ್ತಿರಬೇಕು. ನಮ್ಮಲ್ಲಿ ಕಾಂಗ್ರೆಸ್ ಗಿಡ, ಇಲ್ಲಿ ಗಾಜರ ಗವತ. ಭಾರತದಲ್ಲಿ ಈ ಕಳೆಯನ್ನು ಮೊದಲು ಗುರುತಿಸಿದ್ದು 1950ರ ದಶಕದ ಮಧ್ಯದಲ್ಲಿ, ಇದೇ ಪುಣೆಯಲ್ಲಿ. ಮೈ ತುರಿಕೆ, ಉಬ್ಬಸ ತರುವ ಗಿಡ. ಹೂಬಿಟ್ಟು ಬೀಜ ಕಟ್ಟುವ ಮೊದಲೇ ಅದನ್ನು ಕತ್ತರಿಸಬೇಕು. ಅಂಚುಗಳಲ್ಲಿ, ನೆಲ ಹಸಿಯಿದ್ದಾಗ, ಕೈಗವಸು ಹಾಕಿ ಬೇರುಸಹಿತ ಕೀಳಬೇಕು.

ಇನ್ನೊಂದು ಮಾತು. ಮೈದಾನವನ್ನು ಹೊರಗಿನಿಂದ ಒಳಕ್ಕೆ ಸುತ್ತುತ್ತ ಕತ್ತರಿಸಿದರೆ ಹಾವು, ಮೊಲ, ಹಕ್ಕಿಮರಿಗಳೆಲ್ಲ ನಡುವೆ ಉಳಿದ ಹುಲ್ಲಿಗೆ ಸೇರಿ, ಕೊನೆಯ ಸುತ್ತಿನಲ್ಲಿ ಅಲಗಿಗೆ ಸಿಕ್ಕುತ್ತವೆ. ನಡುವಿನಿಂದ ಹೊರಕ್ಕೆ ಕತ್ತರಿಸಿದರೆ ಅವು ಬೇಲಿಯ ಕಡೆ ಓಡಿಹೋಗುತ್ತವೆ. ಟಿಟ್ಟಿಭ ಹಕ್ಕಿ ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಕಿರುಚುತ್ತ ನಿಮ್ಮ ತಲೆಯ ಮೇಲೆ ಹಾರಾಡಿದರೆ ಇಳಿದು ನೋಡಿ, ಕೋಲು ನೆಟ್ಟು, ಆ ಜಾಗ ಬಿಟ್ಟು ಮುಂದೆ ಹೋಗಿ.

ಕೊನೆಗೆ, ನಿಮಗೆ

ಸಿಮೆಂಟ್ ಬ್ಲಾಕಿನ ಮಾತು ಆ ವರ್ಷದ ಮಟ್ಟಿಗೆ ನಿಂತಿತು. ಈಗಲೂ ಆಗಾಗ ಏಳುತ್ತದೆ. ಹುಲ್ಲಿನಂತೆಯೇ ಅದನ್ನೂ ಹತ್ತು ದಿನಕ್ಕೊಮ್ಮೆ ಕತ್ತರಿಸುತ್ತಿರಬೇಕು. ಮಿಸ್ತ್ರಿಯವರು ಈಗ ನಿಪ್ಪಾಣಿಗೆ ಮರಳಿದ್ದಾರೆ. ಅವರು ಹೇಳಿದ್ದನ್ನೆಲ್ಲ ಹುಡುಗಿ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಮೊದಲ ಪುಟಗಳು ಇಂಗ್ಲಿಷಿನಲ್ಲಿವೆ. ಆಮೇಲಿನವು ಕನ್ನಡದಲ್ಲಿವೆ, ಕಾಗುಣಿತ ತಪ್ಪುಗಳ ಸಮೇತ. ಯಾಕೆ ಬದಲಾಯಿಸಿದೆ ಎಂದು ಕೇಳಿದೆ. "ಅಜ್ಜ ಹೇಳಿದ್ದನ್ನ ಇಂಗ್ಲಿಷಿಗೆ ತಿರುಗಿಸೋವಾಗ ಏನೋ ಬಿಟ್ಟುಹೋಗ್ತಿತ್ತು ಕಾಕಾ," ಎಂದಳು.

ನೀವು ರಜೆಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆಯ ಹಿತ್ತಿಲಲ್ಲೋ ಕೊಟ್ಟಿಗೆಯಲ್ಲೋ ಇಂಥ ಒಂದು ಟ್ರ್ಯಾಕ್ಟರು ಮಲಗಿರಬಹುದು. ಮುಂಬಯಿಯ ಕಾಂದಿವಲಿಯಲ್ಲಿ ತಯಾರಾದ ಇಂಟರ್‌ನ್ಯಾಷನಲ್ ಬಿ-275 ಇರಬಹುದು. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಸಂಸ್ಥೆ 1971ರಿಂದ ಹರಿಯಾಣದ ಪಿಂಜೋರಿನಲ್ಲಿ ತಯಾರಿಸುತ್ತಿದ್ದ ಟ್ರ್ಯಾಕ್ಟರು ಇರಬಹುದು. ಗುಜರಿಗೆ ತೂಕದ ಲೆಕ್ಕದಲ್ಲಿ ಹಾಕುವ ಮುನ್ನ ಅದನ್ನು ಓಡಿಸಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಅವರ ಪಕ್ಕ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಬಿಡಿಭಾಗಗಳಿಗೆ ಚೆನ್ನೈಯವರಿಗೆ ಪುದುಪೇಟೆ ಇದೆ, ದೆಹಲಿಯವರಿಗೆ ಮಾಯಾಪುರಿ, ಮುಂಬಯಿಯವರಿಗೆ ಚೋರ್ ಬಜಾರು. ಭಾಗಗಳು ಇನ್ನೂ ಸಿಗುತ್ತವೆ. ಬಲ್ಲವರು ಸಿಗುವುದು ಕಡಿಮೆಯಾಗುತ್ತಿದೆ.

ಪುಣೆಯಲ್ಲಿರುವವರು ಜೂನ್ ತಿಂಗಳ ಮೊದಲ ಮಳೆಯಾದ ಮೇಲೆ ಯಾವ ಭಾನುವಾರವಾದರೂ ಮೈದಾನಕ್ಕೆ ಬರಬಹುದು. ಕಲ್ಲು ಆರಿಸುವ ಕೆಲಸದಿಂದ ಆರಂಭ. ಗಟ್ಟಿ ಬೂಟು, ಮೈಗೆ ಹೊಂದುವ ಬಟ್ಟೆ ಹಾಕಿಕೊಂಡು ಬನ್ನಿ. ಪಂಚೆ, ದುಪಟ್ಟಾ ಮನೆಯಲ್ಲೇ ಇರಲಿ.